ನೌಕೆಗೆ ಯಾವ ರೂಪ, ಯಾವ ಬಣ್ಣ: ಬಾಹ್ಯಾಕಾಶದ ಸ್ಟ್ರಾಟಜಿ ಆಟ ಆರಿಸುವವರಿಗೆ

ಬಾಹ್ಯಾಕಾಶದ ಸ್ಟ್ರಾಟಜಿ ಆಟ ಕೊಳ್ಳುವಾಗ ಹೆಚ್ಚಿನವರು ಯುದ್ಧ ಹೇಗಿದೆ, ನಕ್ಷೆ ಎಷ್ಟು ದೊಡ್ಡದು, ಕಂಪ್ಯೂಟರ್ ಎದುರಾಳಿ ಎಷ್ಟು ಚುರುಕು ಅಂತ ನೋಡುತ್ತಾರೆ. ಇವುಗಳ ಜೊತೆಗೆ, ತನ್ನ ನೌಕಾಪಡೆ ತನ್ನದೇ ಅಂತ ಕಾಣಬೇಕು ಅನ್ನುವ ಇನ್ನೊಂದು ಬಳಗ ಇದೆ. ನಾನು ಆ ಬಳಗದವನು. ಬಣ್ಣ ಹಚ್ಚಿದ ಮಾತ್ರಕ್ಕೆ ಫಿರಂಗಿಯ ಬಲ ಹೆಚ್ಚುವುದಿಲ್ಲ, ನಿಜ. ಆದರೆ ಹತ್ತಾರು ಗಂಟೆ ಕಣ್ಣೆದುರು ಇರುವ ನೌಕೆ ನಾವೇ ರೂಪ ಕೊಟ್ಟದ್ದಾದರೆ ಅದನ್ನು ಉಳಿಸಿಕೊಳ್ಳುವ ಹಟವೇ ಬೇರೆ. ಸೋತಾಗ ಆಗುವ ಬೇಸರವೂ ಜಾಸ್ತಿ. ಆಟದ ಸುಖ ಇರುವುದೇ ಅದರಲ್ಲಿ, ಅಲ್ವಾ?

ಯಾವ ಆಟದಲ್ಲಿ ಈ ಸ್ವಾತಂತ್ರ್ಯ ಹೆಚ್ಚು ಅಂತ ಹುಡುಕಿದರೆ ಆಯ್ಕೆಗಳ ದೊಡ್ಡ ಪಟ್ಟಿಯೇ ಸಿಗುತ್ತದೆ. ಇಷ್ಟು ಬಣ್ಣ, ಇಷ್ಟು ಮಾದರಿ, ಇಷ್ಟು ಲಾಂಛನ. ಆ ಪಟ್ಟಿ ನೋಡಿ ಆಟ ಆರಿಸಬೇಡಿ ಅನ್ನುವುದು ನನ್ನ ಮಾತು. ಮೊದಲು ನೋಡಬೇಕಾದದ್ದು ಕ್ಯಾಮೆರಾ. ಆಡುವ ಹೊತ್ತಿನಲ್ಲಿ ನೌಕೆ ನಿಮಗೆ ಎಷ್ಟು ಹತ್ತಿರದಿಂದ ಕಾಣುತ್ತದೆ? ಮುಕ್ಕಾಲು ಪಾಲು ಹೊತ್ತು ನೀವು ಇಡೀ ಗ್ಯಾಲಕ್ಸಿಯ ನಕ್ಷೆ ನೋಡುತ್ತಾ ಕೂತಿದ್ದರೆ, ನೌಕೆಯ ಮೂತಿ ಚೂಪಾಗಿದ್ದರೇನು, ಮೊಂಡಾಗಿದ್ದರೇನು? ಕ್ಯಾಮೆರಾ ನೌಕೆಗೆ ಅಂಟಿಕೊಂಡೇ ಓಡಾಡುವ ಆಟದಲ್ಲಿ ಎರಡೇ ಬಣ್ಣದ ಆಯ್ಕೆ ಇದ್ದರೂ ಸಾಕು, ಮನಸ್ಸು ತುಂಬುತ್ತದೆ.

ಅದರ ನಂತರದ ಪ್ರಶ್ನೆ ನಿಮ್ಮ ಸ್ವಭಾವದ್ದು. ಸಿದ್ಧವಾಗಿ ಇಟ್ಟ ಚೆಂದದ ಮಾದರಿಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಾಕೇ? ಮಾದರಿ ಯಾರದ್ದಾದರೂ ಸರಿ, ಬಣ್ಣ ಮಾತ್ರ ನಿಮ್ಮದಾಗಬೇಕೇ? ಅಥವಾ ತುಂಡು ತುಂಡು ಜೋಡಿಸಿ ಮೊದಲಿಂದ ಕಟ್ಟಬೇಕೇ? ಆರಿಸುವವರಿಗೆ ಸ್ಟೆಲ್ಲಾರಿಸ್, ಬಣ್ಣ ಹಚ್ಚುವವರಿಗೆ ಹೋಮ್‌ವರ್ಲ್ಡ್, ಕಟ್ಟುವವರಿಗೆ ಗ್ಯಾಲಕ್ಟಿಕ್ ಸಿವಿಲೈಸೇಷನ್ಸ್. ಉಳಿದ ಆಟಗಳೆಲ್ಲ ಈ ಮೂರರ ಅಕ್ಕಪಕ್ಕದಲ್ಲೇ ಬರುತ್ತವೆ.

ಕಟ್ಟುವ ಆಸೆ ಇದ್ದವರಿಗೆ

ಈ ವಿಷಯದಲ್ಲಿ ಗ್ಯಾಲಕ್ಟಿಕ್ ಸಿವಿಲೈಸೇಷನ್ಸ್‌ಗೆ ಸಾಟಿಯಾದ ಸರಣಿಯನ್ನು ನಾನು ನೋಡಿಲ್ಲ. ಮಾಡಿದವರು ಅಮೆರಿಕದ ಮಿಷಿಗನ್‌ನ ಸ್ಟಾರ್‌ಡಾಕ್. 2006ರಲ್ಲಿ ಬಂದ ಎರಡನೇ ಭಾಗದಲ್ಲೇ ನೌಕೆ ಕಟ್ಟುವ ಡಿಸೈನರ್ ಇತ್ತು. 2015ರ ಮೂರನೇ ಭಾಗದಲ್ಲಿ ಅದು ತುಂಬಾ ಬೆಳೆಯಿತು.

ಇಲ್ಲಿನ ಒಂದು ತೀರ್ಮಾನ ನನಗೆ ಬಹಳ ಇಷ್ಟ. ಆಯುಧ, ಕವಚ, ಎಂಜಿನ್ ಇವು ಕೆಲಸದ ಭಾಗಗಳು. ನೌಕೆಯ ಒಡಲಿನಲ್ಲಿ ಇರುವಷ್ಟು ಜಾಗಕ್ಕೆ ಇವು ಹೊಂದಬೇಕು, ಇವುಗಳಿಗೆ ಖರ್ಚೂ ಇದೆ. ರೆಕ್ಕೆ, ಗೋಪುರ, ಕೊಳವೆ, ದೀಪ, ಉಂಗುರದಂಥ ಅಲಂಕಾರದ ಭಾಗಗಳ ಲೆಕ್ಕವೇ ಬೇರೆ. ಅವಕ್ಕೆ ಜಾಗ ಬೇಡ, ಖರ್ಚಿಲ್ಲ, ಯುದ್ಧದಲ್ಲಿ ಅವುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೀಗೆ ರೂಪವನ್ನು ಬಲದಿಂದ ಪೂರ್ತಿ ಬೇರೆ ಮಾಡಿರುವುದರಿಂದ ಚೆಂದದ ನೌಕೆ ಬೇಕು ಅಂದವರು ಆಟದಲ್ಲಿ ಹಿಂದೆ ಬೀಳುವುದಿಲ್ಲ. ಗೆಲ್ಲಲೇಬೇಕು ಅನ್ನುವವರು ಕುರೂಪಿ ನೌಕೆ ಕಟ್ಟಬೇಕಾಗಿಯೂ ಇಲ್ಲ. ಕೇಳುವುದಕ್ಕೆ ಇದು ಸಣ್ಣ ವಿಷಯ. ಆದರೆ ಬೇರೆ ಆಟಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಇದರ ಬೆಲೆ ತಿಳಿಯುತ್ತದೆ.

ಕಟ್ಟುವ ರೀತಿ ಸುಲಭವಾಗಿದೆ. ಮೊದಲು ಒಡಲಿನ ಗಾತ್ರ ಆರಿಸುತ್ತೀರಿ. ಅದರ ಮೇಲೆ ಅಲ್ಲಲ್ಲಿ ಜೋಡಣೆಯ ಬಿಂದುಗಳಿರುತ್ತವೆ. ಭಾಗಗಳನ್ನು ಆ ಬಿಂದುಗಳಿಗೆ ಸಿಕ್ಕಿಸಬೇಕು. ಅಲಂಕಾರದ ಹೆಚ್ಚಿನ ಭಾಗಗಳ ಮೇಲೆಯೂ ಇಂಥ ಬಿಂದುಗಳಿವೆ, ಹಾಗಾಗಿ ಒಂದರಿಂದ ಇನ್ನೊಂದು, ಅದರಿಂದ ಮತ್ತೊಂದು ಅಂತ ಕೊಂಬೆ ಬೆಳೆಸುತ್ತಾ ಹೋಗಬಹುದು. ಹೊಸಬರು ಇಲ್ಲೇ ಎಡವುತ್ತಾರೆ. ಎಲ್ಲವನ್ನೂ ಮೂಲ ಒಡಲಿಗೇ ಅಂಟಿಸಲು ಹೋಗುತ್ತಾರೆ, ಬಿಂದುಗಳು ಮುಗಿದುಹೋಗುತ್ತವೆ, ನೌಕೆ ಗಂಟುಗಂಟಾಗಿ ಕಾಣುತ್ತದೆ. ಅದರ ಬದಲು ಒಂದು ಉದ್ದನೆಯ ತುಂಡನ್ನು ಬೆನ್ನೆಲುಬಿನ ಹಾಗೆ ಹಾಕಿ, ಉಳಿದದ್ದನ್ನು ಅದರಿಂದ ಬೆಳೆಸಿ. ಮೂರನೇ ಭಾಗದಲ್ಲಿ ತುಂಡುಗಳನ್ನು ದೊಡ್ಡದು ಚಿಕ್ಕದು ಮಾಡಬಹುದು, ತಿರುಗಿಸಬಹುದು, ಕೆಲವಕ್ಕೆ ಚಲನೆಯನ್ನೂ ಕೊಡಬಹುದು. ನಿಧಾನಕ್ಕೆ ಸುತ್ತುವ ಉಂಗುರ ಇರುವ ವಸಾಹತು ನೌಕೆ ಬೇಕಾದರೆ ಅದೂ ಆಗುತ್ತದೆ.

ಒಂದು ಅಭ್ಯಾಸ ಮೊದಲಿಂದಲೇ ಇಟ್ಟುಕೊಳ್ಳಿ. ಆಟ ಮುಂದುವರಿದಂತೆ ಹೊಸ ಆಯುಧ, ಹೊಸ ಕವಚ ಬರುತ್ತಲೇ ಇರುತ್ತವೆ. ಹಳೆಯ ವಿನ್ಯಾಸ ಬೇಗ ಕೆಲಸಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಅಲಂಕಾರ ಮಾತ್ರ ಇರುವ, ಆಯುಧವಿಲ್ಲದ ನೌಕೆಯನ್ನು ಬೇರೆ ಹೆಸರಲ್ಲಿ ಉಳಿಸಿ. ಹೊಸ ಆಯುಧ ಸಿಕ್ಕಾಗ ಅದನ್ನು ತೆರೆದು ಆಯುಧ ಸೇರಿಸಿ ಮತ್ತೊಂದು ಹೆಸರು ಕೊಡಿ. ಹೀಗೆ ಮಾಡದಿದ್ದರೆ ಪ್ರತಿ ಸಲವೂ ಮೊದಲಿಂದ ಕಟ್ಟುವ ಕೆಲಸ ಬರುತ್ತದೆ. ಎರಡು ಮೂರು ಸಲ ಆದ ಮೇಲೆ ಉತ್ಸಾಹ ಬತ್ತುತ್ತದೆ.

ಇದು ಸರದಿಯ ಮೇಲೆ ಆಡುವ ಆಟ. ನೀವು ಡಿಸೈನರ್‌ನಲ್ಲಿ ಇಡೀ ಸಂಜೆ ಕೂತರೂ ಎದುರಾಳಿ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಕಟ್ಟುವವರಿಗೆ ಇದು ದೊಡ್ಡ ನೆಮ್ಮದಿ. ಇನ್ನು ಕ್ಯಾಮೆರಾದ ಪ್ರಶ್ನೆ. ನಕ್ಷೆಯ ಮೇಲೆ ನೌಕೆ ಸಣ್ಣದಾಗಿ ಕಾಣುತ್ತದೆ, ದೂರ ಸರಿದರೆ ಬರೀ ಗುರುತಾಗುತ್ತದೆ. ಆದರೆ ಯುದ್ಧವನ್ನು ಹತ್ತಿರದಿಂದ ನೋಡುವ ಪರದೆ ಬೇರೆಯೇ ಇದೆ. ನೀವು ಕಟ್ಟಿದ ನೌಕೆ ಗುಂಡು ಹಾರಿಸುವುದನ್ನು, ಸಿಡಿಯುವುದನ್ನು ಅಲ್ಲಿ ನೋಡಬಹುದು. ಆ ಪರದೆಯಲ್ಲಿ ನಿಮ್ಮ ಅಪ್ಪಣೆ ನಡೆಯುವುದಿಲ್ಲ, ನೋಡುವುದು ಮಾತ್ರ. ಬಹಳ ಜನ ಅದನ್ನು ದಾಟಿಸಿ ಮುಂದೆ ಹೋಗುತ್ತಾರೆ. ನೌಕೆ ಕಟ್ಟಿದವರು ದಾಟಿಸಬೇಡಿ. ನಿಮ್ಮ ಶ್ರಮ ಪರದೆ ತುಂಬಾ ಕಾಣುವುದು ಅಲ್ಲೇ.

ಯಾವ ಭಾಗ ಕೊಳ್ಳಬೇಕು? ನೌಕೆ ಕಟ್ಟುವುದೇ ಮುಖ್ಯವಾದರೆ ಮೂರನೆಯದು. ಅದರ ಡಿಸೈನರ್ ವಿಸ್ತಾರವಾಗಿದೆ. ಜೊತೆಗೆ ಆಟ ಮಾರುವ ಸ್ಟೀಮ್ ತಾಣದ ವರ್ಕ್‌ಶಾಪ್ ವಿಭಾಗದಲ್ಲಿ ಆಟಗಾರರು ಹಂಚಿಕೊಂಡ ನೌಕೆಗಳ ದೊಡ್ಡ ರಾಶಿಯೇ ಇದೆ, ತಂದು ಬಿಚ್ಚಿ ನೋಡಿ ಕಲಿಯಬಹುದು. ಲ್ಯಾಪ್‌ಟಾಪ್ ಹಳೆಯದಾದರೆ ಎರಡನೆಯದು ಹಗುರ. ನಾಲ್ಕನೆಯದು 2022ರಲ್ಲಿ ಎಪಿಕ್ ಸ್ಟೋರ್‌ಗೆ, 2023ರಲ್ಲಿ ಸೂಪರ್‌ನೋವಾ ಅನ್ನುವ ಹೆಸರಲ್ಲಿ ಸ್ಟೀಮ್‌ಗೆ ಬಂತು. ಸಾಮ್ರಾಜ್ಯ ನಡೆಸುವ ಆಟವಾಗಿ ಅದು ಮುಂದಿದೆ, ಡಿಸೈನರ್ ಅದರಲ್ಲೂ ಇದೆ. ಆದರೆ ಬರೀ ನೌಕೆಗಾಗಿ ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹೋಗಿ ಅಂತ ನಾನು ಹೇಳುವುದಿಲ್ಲ.

ಬಣ್ಣ ಹಚ್ಚುವವರಿಗೆ

ಹೋಮ್‌ವರ್ಲ್ಡ್ 1999ರದ್ದು. ಕೆನಡಾದ ವ್ಯಾಂಕೂವರ್‌ನ ರೆಲಿಕ್ ಸಂಸ್ಥೆಯ ಕೆಲಸ. ಅದರಲ್ಲಿ ನೌಕೆಯ ಆಕಾರ ಬದಲಿಸುವ ಹಾಗಿಲ್ಲ. ಮುಖ್ಯ ಬಣ್ಣ ಒಂದು, ಪಟ್ಟಿಯ ಬಣ್ಣ ಒಂದು, ಕೊಡುವುದು ಇವೆರಡನ್ನೇ. ಆಯ್ಕೆಗಳ ಪಟ್ಟಿಯಲ್ಲಿ ಬರೆದರೆ ಇದು ತೀರಾ ಕಡಿಮೆ ಅನ್ನಿಸುತ್ತದೆ. ಆಡಿ ನೋಡಿದರೆ ಹಾಗನ್ನಿಸುವುದಿಲ್ಲ, ಯಾಕೆಂದರೆ ಕ್ಯಾಮೆರಾ.

ಈ ಆಟದಲ್ಲಿ ಕ್ಯಾಮೆರಾ ನೀವು ಆರಿಸಿದ ನೌಕೆಯ ಸುತ್ತ ತಿರುಗುತ್ತದೆ. ಮೇಲೆ, ಕೆಳಗೆ, ಪಕ್ಕಕ್ಕೆ, ಎಲ್ಲಿಂದ ಬೇಕಾದರೂ ನೋಡಬಹುದು. ದೂರದ ನೋಟಕ್ಕೆ ಸೆನ್ಸರ್ ಮ್ಯಾನೇಜರ್ ಅಂತ ಬೇರೆ ಪರದೆ ಇದೆ. ಅಪ್ಪಣೆ ಕೊಟ್ಟು ಮತ್ತೆ ನೌಕೆಯ ಪಕ್ಕಕ್ಕೇ ಬರುತ್ತೀರಿ. ಪುಟ್ಟ ಫೈಟರ್‌ಗಳು ಹಿಂದೆ ಬೆಳಕಿನ ಗೆರೆ ಎಳೆಯುತ್ತಾ ದೊಡ್ಡ ನೌಕೆಯ ಮೈಯನ್ನು ಸವರಿಕೊಂಡು ಹೋಗುವಾಗ ಆ ಮೈಯ ಬಣ್ಣ, ಅದರ ಪಟ್ಟಿ ಎದ್ದು ಕಾಣುತ್ತದೆ. ಕಲಾವಿದರು ಪ್ರತಿ ನೌಕೆಯ ಮೇಲೂ ಪಟ್ಟಿ ಎಲ್ಲಿ ಬರಬೇಕು ಅಂತ ಮೊದಲೇ ಯೋಚಿಸಿದ್ದಾರೆ. ಹಾಗಾಗಿ ನೀವು ಯಾವ ಎರಡು ಬಣ್ಣ ಕೊಟ್ಟರೂ ಇಡೀ ಪಡೆ ಒಂದೇ ಮನೆತನದ್ದು ಅನ್ನಿಸುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಕಥೆಯ ಆಟದಲ್ಲಿ ಒಂದು ಹಂತದಲ್ಲಿ ಉಳಿದ ನೌಕೆಗಳೇ ಮುಂದಿನ ಹಂತಕ್ಕೆ ಬರುತ್ತವೆ. ಪ್ರತಿ ಸಲ ಹೊಸ ಪಡೆ ಸಿಗುವುದಿಲ್ಲ. ಮೊದಲ ಹಂತಗಳಲ್ಲಿ ಕಟ್ಟಿದ ಫ್ರಿಗೇಟ್ ಕೊನೆಯವರೆಗೂ ಜೊತೆಗಿರಬಹುದು. ಅದರ ಬಣ್ಣಕ್ಕೆ ತೂಕ ಬರುವುದು ಹೀಗೆ. ಸಾಲ್ವೇಜ್ ಕಾರ್ವೆಟ್ ಕಳಿಸಿ ಶತ್ರುವಿನ ನೌಕೆಗಳನ್ನು ಹಿಡಿದು ತರಬಹುದು. ಹಿಡಿದು ತಂದ ನೌಕೆಯ ಆಕಾರ ಶತ್ರುವಿನದೇ. ಆಟ ಮುಗಿಯುವ ಹೊತ್ತಿಗೆ ನಿಮ್ಮ ಪಡೆಯನ್ನು ನೋಡಿದರೆ ಯಾವ ಯಾವ ಯುದ್ಧ ದಾಟಿ ಬಂದಿರಿ ಅನ್ನುವುದು ತಿಳಿಯುತ್ತದೆ. ಯಾವ ಡಿಸೈನರ್ ಕೂಡ ಇಂಥ ಅಲಂಕಾರ ಕೊಡಲಾರದು.

1999ರ ಆಟದಲ್ಲಿ ಶುರುವಿನಲ್ಲೇ ಒಂದು ಆಯ್ಕೆ ಇದೆ, ಎಷ್ಟೋ ಜನ ಗಮನಿಸದೆ ದಾಟುತ್ತಾರೆ. ಕಥೆಯ ನಾಯಕರಾದ ಕುಶಾನ್ ಪಡೆಯ ಬದಲು ಅವರ ಶತ್ರುಗಳಾದ ತಾಯಿದಾನ್ ಪಡೆಯ ನೌಕೆಗಳನ್ನು ಆರಿಸಿಕೊಂಡು ಅದೇ ಕಥೆ ಆಡಬಹುದು. ಎರಡರ ಬಲ ಹೆಚ್ಚುಕಡಿಮೆ ಒಂದೇ. ಕುಶಾನ್‌ಗೆ ಮರೆಯಾಗುವ ಫೈಟರ್ ಮತ್ತು ಡ್ರೋನ್ ಫ್ರಿಗೇಟ್, ತಾಯಿದಾನ್‌ಗೆ ಡಿಫೆನ್ಸ್ ಫೈಟರ್ ಮತ್ತು ಡಿಫೆನ್ಸ್ ಫೀಲ್ಡ್ ಫ್ರಿಗೇಟ್, ಮುಖ್ಯ ವ್ಯತ್ಯಾಸ ಇಷ್ಟೇ. ಉಳಿದದ್ದು ರೂಪದ ಮಾತು. ಕುಶಾನ್‌ನ ಎತ್ತರಕ್ಕೆ ನಿಂತ ಮದರ್‌ಶಿಪ್ ಬಹಳ ಜನರಿಗೆ ಪ್ರಿಯ, ನನಗೂ ಅದೇ.

ಈಗ ಆಡುವವರು 2015ರಲ್ಲಿ ಗಿಯರ್‌ಬಾಕ್ಸ್ ತಂದ ರೀಮಾಸ್ಟರ್ಡ್ ಕಲೆಕ್ಷನ್ ತೆಗೆದುಕೊಳ್ಳಿ. ಮೊದಲ ಎರಡು ಆಟಗಳ ಹೊಸ ರೂಪವೂ ಇದೆ, ಹಳೆಯ ರೂಪವೂ ಇದೆ. ಎರಡನೇ ಆಟದಲ್ಲಿ ಬಣ್ಣಗಳ ಜೊತೆ ನೌಕೆಯ ಮೈಮೇಲೆ ಲಾಂಛನವನ್ನೂ ಹಾಕಬಹುದು. 2024ರಲ್ಲಿ ಬಂದ ಮೂರನೇ ಆಟ ನೋಡಲು ಸೊಗಸಾಗಿದೆ. ಆದರೆ ಮೊದಲ ಸಲ ಆಡುವವರಿಗೆ ನಾನು ರೀಮಾಸ್ಟರ್ಡ್ ಅನ್ನೇ ಹೇಳುತ್ತೇನೆ.

ಬಣ್ಣ ಆರಿಸುವಾಗ ಕೆಲವು ವಿಷಯ ನೆನಪಿಡಿ. ಕಡು ನೀಲಿ, ಕಡು ನೇರಳೆ, ಕಪ್ಪು ಇವು ಆರಿಸುವ ಪರದೆಯಲ್ಲಿ ಗಂಭೀರವಾಗಿ ಕಾಣುತ್ತವೆ. ಯುದ್ಧದಲ್ಲಿ ಹಿನ್ನೆಲೆಗೆ ಕರಗಿಹೋಗುತ್ತವೆ. ಮುಖ್ಯ ಬಣ್ಣ ತಿಳಿಯಾಗಿರಲಿ, ಪಟ್ಟಿ ಗಾಢವಾಗಿರಲಿ. ತಿಳಿ ಬಣ್ಣದ ಮೇಲೆ ನೆರಳು ಬಿದ್ದಾಗ ನೌಕೆಯ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ. ನಾಲ್ಕೈದು ಗೆಳೆಯರು ಸೇರಿ ಆಡುವಾಗ ಕೆಂಪು ಮತ್ತು ಹಸಿರನ್ನು ಎದುರುಬದುರು ಪಕ್ಷಕ್ಕೆ ಕೊಡಬೇಡಿ. ಆ ಎರಡು ಬಣ್ಣಗಳನ್ನು ಬೇರೆ ಮಾಡಲು ಕಷ್ಟಪಡುವವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ನಮ್ಮವರಿಗೆ ಅರಿಶಿನ ಕುಂಕುಮದ ಬಣ್ಣ ಹಚ್ಚುವ ಆಸೆ ಬರುವುದು ಸಹಜ. ಹಳದಿ ಮೈ, ಕೆಂಪು ಪಟ್ಟಿ, ನೋಡಲು ಬಹಳ ಚೆಂದ. ಗೆಳೆಯರ ಜೊತೆಗಿನ ಆಟದಲ್ಲಿ ಧಾರಾಳವಾಗಿ ಹಾಕಿ. ಕಥೆಯ ಆಟದಲ್ಲಿ ಮಾತ್ರ ಬೇಡ. ಅಲ್ಲಿ ತಾಯಿದಾನ್ ಶತ್ರುಗಳ ಬಣ್ಣವೂ ಹಳದಿ ಕೆಂಪಿನದೇ, ಗದ್ದಲದ ನಡುವೆ ನಿಮ್ಮದು ಯಾವುದು, ಅವರದು ಯಾವುದು ಅಂತ ಗುರುತಿಸಲು ಕಣ್ಣು ಸೋಲುತ್ತದೆ.

ಆರಿಸಿಕೊಳ್ಳುವವರಿಗೆ

ಸ್ವೀಡನ್ನಿನ ಪ್ಯಾರಡಾಕ್ಸ್ 2016ರ ಮೇ ತಿಂಗಳಲ್ಲಿ ತಂದ ಸ್ಟೆಲ್ಲಾರಿಸ್ ಈಗಲೂ ಬೆಳೆಯುತ್ತಿರುವ ಆಟ. ಇಲ್ಲಿ ನೌಕೆಯನ್ನು ನೀವು ಕಟ್ಟುವುದಿಲ್ಲ. ಸಾಮ್ರಾಜ್ಯ ರಚಿಸುವಾಗಲೇ ಒಂದು ಶಿಪ್‌ಸೆಟ್ ಆರಿಸುತ್ತೀರಿ. ಪುಟ್ಟ ಕಾರ್ವೆಟ್‌ನಿಂದ ಬ್ಯಾಟಲ್‌ಶಿಪ್‌ವರೆಗೆ ಎಲ್ಲವೂ ಆ ಶೈಲಿಯಲ್ಲೇ ಬರುತ್ತವೆ. ನಿಮ್ಮ ಜನಾಂಗ ಯಾವುದು ಅನ್ನುವುದಕ್ಕೂ ಶಿಪ್‌ಸೆಟ್‌ಗೂ ಗಂಟು ಹಾಕಿಲ್ಲ. ಹಕ್ಕಿಯ ಮುಖದವರಿಗೆ ಅಣಬೆಯವರ ನೌಕೆ ಕೊಡಬಹುದು. ಧ್ವಜಕ್ಕೆ ಲಾಂಛನ, ಹಿನ್ನೆಲೆ, ಎರಡು ಬಣ್ಣ ಆರಿಸಬಹುದು. ನಗರಗಳ ನೋಟ, ಹೆಸರುಗಳ ಪಟ್ಟಿ, ಸಲಹೆಗಾರರ ದನಿ ಕೂಡ ನಿಮ್ಮ ಆಯ್ಕೆಯೇ.

ಮಾದರಿಗಳ ಗುಣಮಟ್ಟ ತುಂಬಾ ಚೆನ್ನಾಗಿದೆ. ಪ್ರತಿ ಶೈಲಿಗೂ ಅದರದೇ ಸ್ವಭಾವ ಇದೆ. ಆದರೆ ಕ್ಯಾಮೆರಾದ ಪ್ರಶ್ನೆ ಕೇಳಿ ನೋಡಿ. ಈ ಆಟದಲ್ಲಿ ಹೆಚ್ಚಿನ ಹೊತ್ತು ಕಳೆಯುವುದು ಗ್ಯಾಲಕ್ಸಿಯ ನಕ್ಷೆಯಲ್ಲಿ, ಗ್ರಹಗಳ ಲೆಕ್ಕಪತ್ರದಲ್ಲಿ, ಒಪ್ಪಂದಗಳ ಪರದೆಯಲ್ಲಿ. ಪಡೆ ಒಂದು ಗುರುತಾಗಿ ನಕ್ಷತ್ರದಿಂದ ನಕ್ಷತ್ರಕ್ಕೆ ಸಾಗುತ್ತದೆ. ಯುದ್ಧ ನೋಡಲು ಆಯಾ ನಕ್ಷತ್ರದ ಒಳಗೆ ಹೋಗಿ ಹತ್ತಿರ ಜೂಮ್ ಮಾಡಬೇಕು. ಒಂದೇ ಸಲ ಮೂರು ಕಡೆ ಯುದ್ಧ ನಡೆಯುವಾಗ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ಧ್ವಜದ ಬಣ್ಣಗಳ ಕಥೆ ಹಾಗಲ್ಲ. ನಿಮ್ಮ ಗಡಿ ನಕ್ಷೆಯ ಮೇಲೆ ಅದೇ ಬಣ್ಣದಲ್ಲಿ ಹರಡುತ್ತದೆ, ಆಟ ಮುಗಿಯುವವರೆಗೂ ಕಣ್ಣೆದುರೇ ಇರುತ್ತದೆ. ಆದ್ದರಿಂದ ಇಲ್ಲಿ ಶಿಪ್‌ಸೆಟ್‌ಗಿಂತ ಧ್ವಜದ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಪಕ್ಕದ ಸಾಮ್ರಾಜ್ಯದ ಬಣ್ಣ ನಿಮ್ಮದರಂತೆಯೇ ಇದ್ದರೆ ಗಡಿ ಯಾರದ್ದು ಅಂತ ಪದೇ ಪದೇ ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ಸಾಮಾನ್ಯವಾಗಿ ಯಾರೂ ಆರಿಸದ ಬಣ್ಣದ ಜೋಡಿ ಹುಡುಕಿ.

ಸ್ಟೆಲ್ಲಾರಿಸ್‌ನಲ್ಲೂ ಶಿಪ್ ಡಿಸೈನರ್ ಅಂತ ಒಂದು ಪರದೆ ಇದೆ. ಹೆಸರು ನೋಡಿ ಮೋಸ ಹೋಗಬೇಡಿ. ಅಲ್ಲಿ ಆರಿಸುವುದು ಆಯುಧ, ಕವಚ, ಮತ್ತು ನೌಕೆಯ ಮುಂಭಾಗ, ನಡುಭಾಗ, ಹಿಂಭಾಗದ ಬಗೆಗಳನ್ನು. ಭಾಗ ಬದಲಿಸಿದರೆ ನೌಕೆಯ ನೋಟವೂ ಬದಲಾಗುತ್ತದೆ, ನಿಜ. ಆದರೆ ಅದರ ಜೊತೆಗೆ ಅದರ ಬಲವೂ ಬದಲಾಗುತ್ತದೆ. ವಿಮಾನಗಳ ಗೂಡು ಇರುವ ನಡುಭಾಗ ಚೆಂದ ಕಾಣುತ್ತದೆ ಅಂತ ಅದನ್ನು ಹಾಕಿದರೆ ಅಲ್ಲಿ ದೊಡ್ಡ ಫಿರಂಗಿ ಇಡುವ ಅವಕಾಶ ಹೋಗುತ್ತದೆ. ರೂಪ ಮತ್ತು ಬಲ ಇಲ್ಲಿ ಒಂದಕ್ಕೊಂದು ಕಟ್ಟಿಕೊಂಡಿವೆ. ಗ್ಯಾಲಕ್ಟಿಕ್ ಸಿವಿಲೈಸೇಷನ್ಸ್ ಮಾಡಿದ ತೀರ್ಮಾನದ ಬೆಲೆ ತಿಳಿಯುವುದು ಇಂಥ ಕಡೆ.

ಇನ್ನು ದುಡ್ಡಿನ ವಿಷಯ. ಮೂಲ ಆಟದಲ್ಲೇ ಸಸ್ತನಿ, ಸರೀಸೃಪ, ಹಕ್ಕಿ, ಕೀಟ, ಮೃದ್ವಂಗಿ, ಅಣಬೆ ಹೀಗೆ ಆರು ಶೈಲಿ ಬರುತ್ತವೆ. ಉಳಿದದ್ದು ಡಿಎಲ್‌ಸಿ, ಅಂದರೆ ಬೇರೆ ದುಡ್ಡು ಕೊಟ್ಟು ಕೊಳ್ಳುವ ಪ್ಯಾಕ್‌ಗಳು. 2016ರಲ್ಲಿ ಪ್ಲಾಂಟಾಯ್ಡ್ಸ್, 2017ರಲ್ಲಿ ಹ್ಯೂಮನಾಯ್ಡ್ಸ್, 2019ರಲ್ಲಿ ಲಿಥಾಯ್ಡ್ಸ್, 2020ರಲ್ಲಿ ನೆಕ್ರಾಯ್ಡ್ಸ್, 2021ರಲ್ಲಿ ಅಕ್ವಾಟಿಕ್ಸ್, 2022ರಲ್ಲಿ ಟಾಕ್ಸಾಯ್ಡ್ಸ್. ಪ್ರತಿಯೊಂದೂ ಒಂದು ಹೊಸ ಶಿಪ್‌ಸೆಟ್ ತಂದಿತು. 2021ರ ನೆಮೆಸಿಸ್ ಅನ್ನುವ ದೊಡ್ಡ ವಿಸ್ತರಣೆಯ ಜೊತೆಗೂ ಒಂದು ಸಾಮ್ರಾಜ್ಯಶಾಹಿ ಶೈಲಿ ಬಂತು. ಮೊದಲೆರಡು ಪ್ಯಾಕ್‌ಗಳಲ್ಲಿ ಬಂದಾಗ ಅಲಂಕಾರ ಮಾತ್ರ ಇತ್ತು. 2021ರ ಸೆಪ್ಟೆಂಬರ್‌ನ ಅಪ್‌ಡೇಟ್‌ನಲ್ಲಿ ಅವುಗಳಿಗೆ ಆಟದ ಹೊಸ ಗುಣಗಳನ್ನೂ ಸೇರಿಸಿದರು. ಲಿಥಾಯ್ಡ್ಸ್ ಮೊದಲಿಂದಲೂ ಹಾಗೆಯೇ, ಅದರ ಕಲ್ಲಿನ ಜನ ಅನ್ನದ ಬದಲು ಖನಿಜ ತಿನ್ನುತ್ತಾರೆ.

ಆದ್ದರಿಂದ ಬರೀ ನೌಕೆಯ ಚೆಂದಕ್ಕೆ ಪ್ಯಾಕ್ ಕೊಳ್ಳಬೇಡಿ. ಆ ಜನಾಂಗವನ್ನು ಆಡುವ ಮನಸ್ಸಿದ್ದರೆ ಕೊಳ್ಳಿ, ನೌಕೆ ಜೊತೆಗೆ ಬರುತ್ತದೆ. ಮೊದಲು ಮೂಲ ಆಟದ ಆರು ಶೈಲಿಗಳಲ್ಲೇ ಒಂದು ಆಟ ಪೂರ್ತಿ ಆಡಿ. ಎಷ್ಟು ಸಲ ಹತ್ತಿರ ಜೂಮ್ ಮಾಡಿದಿರಿ ಅಂತ ಗಮನಿಸಿ. ಜೂಮ್ ಮಾಡಲೇ ಇಲ್ಲ ಅಂದರೆ ಉತ್ತರ ಸಿಕ್ಕಿತು. ಕೊಳ್ಳುವುದಾದರೂ ಸ್ಟೀಮ್‌ನ ರಿಯಾಯಿತಿ ಮಾರಾಟಕ್ಕೆ ಕಾಯಿರಿ. ಹಳೆಯ ಪ್ಯಾಕ್‌ಗಳ ಬೆಲೆ ಆಗ ಚೆನ್ನಾಗಿ ಇಳಿಯುತ್ತದೆ.

ಅಕ್ಕಪಕ್ಕದ ಆಟಗಳು

1993ರ ಮಾಸ್ಟರ್ ಆಫ್ ಓರಿಯನ್‌ನಲ್ಲಿ ಒಂದು ಸಲಕ್ಕೆ ಆರು ವಿನ್ಯಾಸ ಇಟ್ಟುಕೊಳ್ಳಬಹುದಿತ್ತು. ಪ್ರತಿಯೊಂದಕ್ಕೂ ಕೆಲವು ಚಿತ್ರಗಳಲ್ಲಿ ಒಂದನ್ನು ಆರಿಸಬಹುದಿತ್ತು. ಚಿತ್ರಕ್ಕೂ ಬಲಕ್ಕೂ ಸಂಬಂಧವಿರಲಿಲ್ಲ. ಇವತ್ತಿಗೆ ಅದು ಅಲಂಕಾರಕ್ಕಾಗಿ ಆಡುವ ಆಟವಲ್ಲ. ಆದರೆ ನೌಕೆಗೆ ಮುಖ ಕೊಡುವ ಆಸೆ ಈ ಬಗೆಯ ಆಟಗಳಲ್ಲಿ ಆಗಿನಿಂದಲೂ ಇತ್ತು.

2006ರ ಸ್ವೋರ್ಡ್ ಆಫ್ ದಿ ಸ್ಟಾರ್ಸ್ ಬಗ್ಗೆ ನನಗೆ ವಿಶೇಷ ಪ್ರೀತಿ. ಅಲ್ಲಿ ಪ್ರತಿ ನೌಕೆಗೂ ಮೂರು ಭಾಗ: ಕಮಾಂಡ್, ಮಿಷನ್, ಎಂಜಿನ್. ಭಾಗ ಬದಲಿಸಿದರೆ ರೂಪ ಬದಲಾಗುತ್ತದೆ, ಬಲವೂ ಬದಲಾಗುತ್ತದೆ. ಸ್ಟೆಲ್ಲಾರಿಸ್‌ನಂತೆಯೇ ಅಂತ ಅನ್ನಿಸಬಹುದು, ಆದರೆ ಇಲ್ಲಿ ಈ ಗಂಟಿಗೆ ಅರ್ಥವಿದೆ. ಫಿರಂಗಿ ನೌಕೆಯ ಮೈಮೇಲೆ ಎಲ್ಲಿದೆಯೋ ಅಲ್ಲಿಂದ ಕಾಣುವ ದಿಕ್ಕಿಗೆ ಮಾತ್ರ ಅದು ಗುಂಡು ಹಾರಿಸುತ್ತದೆ. ಯುದ್ಧವನ್ನು ನೀವೇ ನಡೆಸುವುದರಿಂದ ನೌಕೆಯ ಯಾವ ಮಗ್ಗುಲು ಶತ್ರುವಿನ ಕಡೆ ಇದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ರೂಪವೇ ತಂತ್ರ. ಇದನ್ನು ಮಾಡಿದ ಕೆರ್ಬೆರೋಸ್ ಕೂಡ ವ್ಯಾಂಕೂವರ್‌ನದೇ. ಸಿನ್ಸ್ ಆಫ್ ಎ ಸೋಲಾರ್ ಎಂಪೈರ್ ಮಾಡಿದ ಐರನ್‌ಕ್ಲಾಡ್ ಕೂಡ ಅದೇ ಪ್ರದೇಶದ್ದು. ಒಂದೇ ಊರಿನ ಸುತ್ತಮುತ್ತ ನೌಕೆಗಳ ಬಗ್ಗೆ ಇಷ್ಟು ಆಸ್ಥೆ ಬೆಳೆದದ್ದು ನನಗೆ ಈಗಲೂ ಅಚ್ಚರಿ.

ಆ ಸಿನ್ಸ್‌ನಲ್ಲಿ, 2008ರದ್ದಾಗಲಿ ಈಗಿನ ಎರಡನೇ ಭಾಗವಾಗಲಿ, ನೌಕೆಯ ಆಕಾರ ನಿಮ್ಮ ಪಕ್ಷಕ್ಕೆ ತಕ್ಕಂತೆ ನಿಗದಿಯಾಗಿದೆ. ಬಣ್ಣ ಆರಿಸಬಹುದು. ಇಡೀ ನಕ್ಷತ್ರ ವ್ಯೂಹದಿಂದ ಒಂದೇ ನೌಕೆಯವರೆಗೆ ಸರ್ರಂತ ಜೂಮ್ ಆಗುವುದು ಇದರ ಹೆಚ್ಚುಗಾರಿಕೆ. ಆದರೆ ಆಡುವುದು ಬಹುಪಾಲು ದೂರದಿಂದ, ಗುರುತುಗಳ ನೆರವಿನಲ್ಲೇ. ಅಲಂಕಾರ ಮುಖ್ಯ ಅನ್ನುವವರಿಗೆ ಇದು ಮೊದಲ ಆಯ್ಕೆಯಾಗಲಾರದು.

ಸ್ಟಾರ್‌ಕ್ರಾಫ್ಟ್ 2 ಪೂರ್ತಿ ಬಾಹ್ಯಾಕಾಶದ ಆಟವಲ್ಲ, ಆದರೂ ಅದರ ಬ್ಯಾಟಲ್‌ಕ್ರೂಸರ್, ಕ್ಯಾರಿಯರ್‌ಗಳಿಗೆ ಅಭಿಮಾನಿಗಳು ಬಹಳ. 2017ರಿಂದ ವಾರ್ ಚೆಸ್ಟ್ ಅನ್ನುವ ಹೆಸರಲ್ಲಿ ಸ್ಕಿನ್‌ಗಳು, ಅಂದರೆ ಹೊರರೂಪ ಮಾತ್ರ ಬದಲಿಸುವ ಅಲಂಕಾರಗಳು, ಬಂದವು. ಅದೇ ವರ್ಷ ಮೂಲ ಆಟವೂ ಉಚಿತವಾಯಿತು. ಕಾಸು ಖರ್ಚಿಲ್ಲದೆ ಆಡಿ ನೋಡಿ, ಆಮೇಲೆ ಬೇಕಾದರೆ ಸ್ಕಿನ್ ಕೊಳ್ಳಬಹುದು. ನೌಕೆಯ ರೂಪ ಬದಲಾದರೂ ಯಾವ ಪಕ್ಷದ್ದು ಅಂತ ಹೇಳುವ ಬಣ್ಣ ಅದರ ಮೇಲೆ ಉಳಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ ಮಾಡಬೇಕಾದ ಆಟದಲ್ಲಿ ಅದು ಇರಲೇಬೇಕು.

ದುಡ್ಡು ಕೊಟ್ಟು ಬಣ್ಣ ಕೊಳ್ಳುವ ಮಾತು ಬಂದಾಗ ಈವ್ ಆನ್‌ಲೈನ್ ನೆನಪಾಗುತ್ತದೆ. ಅದು ಸ್ಟ್ರಾಟಜಿ ಆಟವಲ್ಲ, ಐಸ್‌ಲ್ಯಾಂಡ್‌ನ ಸಿಸಿಪಿ 2003ರಿಂದ ನಡೆಸುತ್ತಿರುವ ಆನ್‌ಲೈನ್ ಲೋಕ. ಅಲ್ಲಿ ನೌಕೆ ಸಿಡಿದರೆ ಸಿಡಿದಂತೆಯೇ, ಮತ್ತೆ ಬರುವುದಿಲ್ಲ. ಮೊದಮೊದಲು ಬಣ್ಣ ನೌಕೆಗೇ ಅಂಟಿರುತ್ತಿತ್ತು, ನೌಕೆ ಹೋದರೆ ಬಣ್ಣವೂ ಹೋಗುತ್ತಿತ್ತು. 2015ರಲ್ಲಿ ಅದನ್ನು ಬದಲಿಸಿ ಬಣ್ಣದ ಹಕ್ಕನ್ನು ಆಟಗಾರನ ಪಾತ್ರಕ್ಕೆ ಸೇರಿಸಿದರು. ಈಗ ನೌಕೆ ಹೋದರೂ ಹೊಸ ನೌಕೆಗೆ ಅದೇ ಬಣ್ಣ ಹಚ್ಚಬಹುದು. 2024ರಲ್ಲಿ ಆಟಗಾರರೇ ಬಣ್ಣದ ವಿನ್ಯಾಸ ಮಾಡುವ ವ್ಯವಸ್ಥೆಯೂ ಬಂತು. ಯಾವ ಆಟದಲ್ಲೇ ಆಗಲಿ, ಅಲಂಕಾರಕ್ಕೆ ದುಡ್ಡು ಕೊಡುವ ಮೊದಲು ಇದೇ ಪ್ರಶ್ನೆ ಕೇಳಿ: ನಾನು ಕೊಂಡದ್ದು ನನ್ನ ಬಳಿ ಉಳಿಯುತ್ತದೆಯೇ, ಎಲ್ಲ ನೌಕೆಗೂ ಆಗುತ್ತದೆಯೇ, ಅಥವಾ ಒಂದೇ ನೌಕೆಗೆ ಒಂದೇ ಸಲವೇ?

ಮಾಡ್ ಹಾಕುವ ಮುನ್ನ

ಆಟ ಕೊಟ್ಟದ್ದು ಸಾಲದು ಅನ್ನುವವರಿಗೆ ಮಾಡ್‌ಗಳಿವೆ, ಅಂದರೆ ಆಟಗಾರರೇ ಮಾಡಿ ಹಂಚುವ ಬದಲಾವಣೆಗಳು. ಇದು ಹಳೆಯ ಪದ್ಧತಿ. 2000ದ ಸ್ಪೇಸ್ ಎಂಪೈರ್ಸ್ 4ರಲ್ಲಿ ಒಂದು ಶಿಪ್‌ಸೆಟ್ ಅಂದರೆ ಚಿತ್ರಗಳಿರುವ ಒಂದು ಫೋಲ್ಡರ್, ಅಷ್ಟೇ. ಚಿತ್ರ ಬರೆಯಲು ಬಂದವರೆಲ್ಲ ಸೆಟ್ ಮಾಡಿ ಹಂಚಿದರು. 2011ರಲ್ಲಿ ಸ್ಟೀಮ್ ವರ್ಕ್‌ಶಾಪ್ ಬಂದ ಮೇಲೆ ಒಂದು ಗುಂಡಿ ಒತ್ತಿದರೆ ಮಾಡ್ ನಿಮ್ಮ ಕಂಪ್ಯೂಟರಿಗೆ ಬರುತ್ತದೆ. ಸ್ಟೆಲ್ಲಾರಿಸ್‌ಗೆ ಶಿಪ್‌ಸೆಟ್ ಮಾಡ್‌ಗಳು ಬೇಕಾದಷ್ಟಿವೆ, ಕೆಲವಂತೂ ದುಡ್ಡು ಕೊಟ್ಟು ಕೊಂಡ ಪ್ಯಾಕ್‌ಗಳಿಗೆ ಸರಿಸಾಟಿ. ಆದ್ದರಿಂದ ಪ್ಯಾಕ್ ಕೊಳ್ಳುವ ಮೊದಲು ವರ್ಕ್‌ಶಾಪ್ ಒಮ್ಮೆ ನೋಡಿ. ಕನ್ಸೋಲ್‌ನಲ್ಲಿ ಆಡುವವರಿಗೆ ಸ್ಟೀಮ್ ವರ್ಕ್‌ಶಾಪ್ ಸಿಗುವುದಿಲ್ಲ, ಅವರು ಆಟದ ಜೊತೆ ಬಂದದ್ದನ್ನೇ ಲೆಕ್ಕ ಹಾಕಿ ಕೊಳ್ಳಬೇಕು.

ಮಾಡ್ ಆರಿಸುವಾಗ ಚಿತ್ರಗಳಿಗಿಂತ ಮೊದಲು ಕೊನೆಯ ಅಪ್‌ಡೇಟ್‌ನ ತಾರೀಖು ನೋಡಿ. ಸ್ಟೆಲ್ಲಾರಿಸ್ ಆಗಾಗ ಬದಲಾಗುವ ಆಟ, ಹಳೆಯ ಮಾಡ್ ಹೊಸ ಆವೃತ್ತಿಯಲ್ಲಿ ಮುರಿಯಬಹುದು. ಅಂಥ ಹೊತ್ತಿನಲ್ಲಿ ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್ ತೆರೆದು ಬೀಟಾ ವಿಭಾಗದಿಂದ ಆಟದ ಹಳೆಯ ಆವೃತ್ತಿಗೆ ಮರಳಬಹುದು. ನೌಕೆ ಮಾತ್ರ ಬದಲಿಸುವ ಮಾಡ್ ಮತ್ತು ನೌಕೆಯ ಜೊತೆ ಹೊಸ ವರ್ಗ, ಹೊಸ ಆಯುಧ ಸೇರಿಸುವ ಮಾಡ್ ಬೇರೆ ಬೇರೆ. ವಿವರಣೆ ಓದಿ, ನಿಮಗೆ ಬೇಕಾದದ್ದು ಯಾವುದು ಅಂತ ನೋಡಿ. ಗೆಳೆಯರ ಜೊತೆ ಆಡುವುದಾದರೆ ಎಲ್ಲರ ಬಳಿಯೂ ಅದೇ ಮಾಡ್‌ಗಳಿರಲಿ. ಅರ್ಧ ಆಡಿದ ಆಟದ ನಡುವೆ ಶಿಪ್‌ಸೆಟ್ ಮಾಡ್ ತೆಗೆಯಬೇಡಿ, ಉಳಿಸಿದ ಆಟವೇ ಕೆಡಬಹುದು. ಹೊಸ ಮಾಡ್ ಹಾಕುವುದು ಯಾವಾಗಲೂ ಹೊಸ ಆಟದ ಜೊತೆಗೇ ಆಗಲಿ.

ಇಷ್ಟೆಲ್ಲದರ ಜೊತೆ, ಖರ್ಚಿಲ್ಲದ ಅಲಂಕಾರ ಒಂದಿದೆ, ಹೆಸರು. ಸ್ಟೆಲ್ಲಾರಿಸ್‌ನಲ್ಲಿ ನೌಕೆಗೂ ಪಡೆಗೂ ಹೆಸರು ಬದಲಿಸಬಹುದು, ಗ್ಯಾಲಕ್ಟಿಕ್ ಸಿವಿಲೈಸೇಷನ್ಸ್‌ನಲ್ಲಿ ವಿನ್ಯಾಸಕ್ಕೇ ಹೆಸರು ಇಡುತ್ತೀರಿ. ಈ ಆಟಗಳು ಕನ್ನಡದಲ್ಲಿ ಬರುವುದಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಒಂದು ಪದ್ಧತಿ ಇಟ್ಟುಕೊಂಡು ಹೆಸರಿಡಿ. ಸಾಗಣೆಯ ನೌಕೆಗಳಿಗೆ ಹಳ್ಳ ಹೊಳೆಗಳ ಹೆಸರು, ದೊಡ್ಡ ಯುದ್ಧನೌಕೆಗಳಿಗೆ ಕಾವೇರಿ, ಶರಾವತಿ, ಕೃಷ್ಣೆ, ತುಂಗಭದ್ರೆ. ಮುನ್ನೂರು ನಕ್ಷತ್ರಗಳ ನಕ್ಷೆಯಲ್ಲಿ ಏಳೆಂಟು ಪಡೆ ಓಡಾಡುವಾಗ, ಮೂರನೇ ಪಡೆ ಎಲ್ಲಿದೆ ಅಂತ ಹುಡುಕುವುದಕ್ಕಿಂತ ಶರಾವತಿ ಎಲ್ಲಿದೆ ಅಂತ ಹುಡುಕುವುದು ಸುಲಭ. ಹೆಸರು ಆದಷ್ಟು ಚಿಕ್ಕದಿರಲಿ, ಪಟ್ಟಿಯಲ್ಲಿ ಉದ್ದ ಹೆಸರುಗಳು ಅರ್ಧಕ್ಕೇ ಕತ್ತರಿಸಿಹೋಗುತ್ತವೆ.